ಅಡುಗೆಮನೆಯ ತನಕ ಅಳೆಯುವವನು

ಕಾಂತರಾಜ್ ಯಾವ ಊರಿಗೆ ಮೊಬೈಲ್ ಸಿಗ್ನಲ್ ಅಳೆಯಲು ಹೋದರೂ ಮನೆಯೊಳಕ್ಕೆ ಬಿಡಿ ಎಂದು ಕೇಳುತ್ತಾನೆ. ಪಡಸಾಲೆ ಅವನಿಗೆ ಸಾಲದು, ಅಡುಗೆಮನೆಗೇ ಬಿಡಬೇಕು, ಹಿತ್ತಲ ಬಾಗಿಲ ತನಕ ಹೋಗಬೇಕು. ನಮ್ಮ ಕಡೆ ಹೊರಗಿನವರು ಅಡುಗೆಮನೆಯ ಹೊಸ್ತಿಲು ದಾಟುವುದೆಂದರೆ ಸುಲಭದ ಮಾತಲ್ಲ. ಪಿರಿಯಾಪಟ್ಟಣದ ಹತ್ತಿರದ ಒಂದು ಊರಿನಲ್ಲಿ ಮಲ್ಲಾಜಮ್ಮ ಅನ್ನುವ ಅಜ್ಜಿ ಪೊರಕೆ ಹಿಡಿದುಕೊಂಡೇ ಅವನನ್ನು ಆಚೆಗೆ ಅಟ್ಟಿದ್ದರಂತೆ. ಇವನು ಜಗಲಿಯ ಮೇಲೆ ಕೂತು, ಅಜ್ಜಿಯ ಕೋಪ ಇಳಿಯುವ ತನಕ ಕಾದು, ಮತ್ತೆ ಅದನ್ನೇ ಕೇಳಿದ. ಕೊನೆಗೆ ಅಜ್ಜಿಯೇ ಸೋತು, ಕೈಕಾಲು ತೊಳೆದುಕೊಂಡು ಬಾ ಎಂದು ಒಳಗೆ ಬಿಟ್ಟರು.

ನಿಮ್ಮ ಸ್ನೇಹಿತನಿಗೆ ತಲೆ ನೆಟ್ಟಗಿದೆಯಾ ಎಂದು ಜನ ನನ್ನ ಅಂಗಡಿಗೆ ಬಂದು ಕೇಳುತ್ತಾರೆ. ನಾನು ಮಹೇಂದ್ರ, ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ಹಾಗೆ ಕೇಳಿದವರನ್ನು ಕೆಲವು ಸಲ ಬೈದು ಕಳಿಸುತ್ತೇನೆ, ಕೆಲವು ಸಲ ಕೂರಿಸಿಕೊಂಡು ಕಾಂತರಾಜನ ಕಥೆ ಹೇಳುತ್ತೇನೆ. ಆ ಕಥೆಯಲ್ಲಿ ನನ್ನ ತಪ್ಪೂ ಒಂದಿದೆ. ಇಷ್ಟು ದಿನ ಅದೊಂದನ್ನು ನುಂಗಿಕೊಂಡು ಉಳಿದದ್ದನ್ನು ಹೇಳುತ್ತಿದ್ದೆ. ಈ ಸಲ ನುಂಗುವುದಿಲ್ಲ.

ಕಾಂತರಾಜ್ ಸಾಲಿಗ್ರಾಮದ ಪಕ್ಕದ ಹಳ್ಳಿಯವನು. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ. ಆಗ ಅಕ್ಕ ಶಿವನಂಜಮ್ಮನವರಿಗೆ ಹದಿನಾಲ್ಕು. ಅವರು ಶಾಲೆ ಬಿಟ್ಟು, ತಮ್ಮನ ತಲೆ ಬಾಚಿ, ಬುತ್ತಿ ಕಟ್ಟಿ, ಅವನನ್ನು ಶಾಲೆಗೆ ಕಳಿಸಿದರು. ಅವರು ಮದುವೆಯಾಗಿ ಹೆಗ್ಗಡದೇವನಕೋಟೆ ಕಡೆಯ ಸೀಗೆಹುಂಡಿಗೆ ಹೊರಟ ದಿನ ಇವನು ಹರಿದ ಚಡ್ಡಿಯಲ್ಲೇ ಬಸ್ಸಿನ ಹಿಂದೆ ಓಡಿದ್ದನಂತೆ. ನಲವತ್ತು ವರ್ಷದ ಗಂಡಸಾದರೂ ಆ ಮಾತೆತ್ತಿ ರೇಗಿಸಿದರೆ ಕಿವಿ ಕೆಂಪಾಗುತ್ತಿತ್ತು. ನಾನಂತೂ ಬೇಕಂತಲೇ ರೇಗಿಸುತ್ತಿದ್ದೆ.

ಕೆ.ಆರ್. ನಗರದಲ್ಲಿ ಐಟಿಐ ಓದಿದ. ಟವರುಗಳ ಬ್ಯಾಟರಿ ನೋಡಿಕೊಳ್ಳುವ ಕೆಲಸ ಮಾಡಿದ. ಕಬಿನಿ ದಡದ ರೆಸಾರ್ಟುಗಳಿಗೆ ವೈಫೈ ಹಾಕಿಕೊಟ್ಟ. ಆಮೇಲೆ ಊರೂರು ಅಲೆದು ಸಿಗ್ನಲ್ ಅಳೆಯುವ ಕೆಲಸ ಹಿಡಿದ. ಅದರಲ್ಲಿ ಅವನನ್ನು ಮೀರಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಒಂದು ರೆಸಾರ್ಟಿನಲ್ಲಿ ವೈಫೈ ನಿಧಾನ ಎಂದು ಮೂರು ಜನ ಬಂದು ಮೂರು ಸಲ ವೈಫೈ ಡಬ್ಬ ಬದಲಾಯಿಸಿ ಹೋಗಿದ್ದರು. ಇವನು ಫೋನ್ ಹಿಡಿದು ಒಂದು ಸುತ್ತು ನಡೆದು, ಹತ್ತು ಡಬ್ಬವನ್ನೂ ಒಂದೇ ಚಾನೆಲ್ಲಿಗೆ ಇಟ್ಟಿದ್ದೀರಿ, ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತು ಯಾರಿಗೆ ಕೇಳುತ್ತೆ ಎಂದ. ಬೇರೆ ಬೇರೆ ಚಾನೆಲ್ಲಿಗೆ ಹಾಕಿದ ಮೇಲೆ ಎಲ್ಲ ಸರಿಯಾಯಿತು.

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ ಅನ್ನುವುದು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ, ಹಿಂದಿರುವ ಅಂಕಿ ನೋಡಿ ಎನ್ನುತ್ತಿದ್ದ. ಆ ಅಂಕಿ ಮೈನಸ್‌ನಲ್ಲಿ ಬರುತ್ತದೆ. ಮೈನಸ್ ಎಂಬತ್ತು ಎಂದರೆ ಚೆನ್ನಾಗಿದೆ, ಮೈನಸ್ ನೂರಹದಿನೈದು ಎಂದರೆ ಇದ್ದೂ ಇಲ್ಲ.

ಆ ಅಂಕಿಯನ್ನು ಹಿಡಿಯಲು ಅವನು ಇಷ್ಟಪಟ್ಟು ಬಳಸುತ್ತಿದ್ದದ್ದು ನಡೆಯುತ್ತಾ ಅಳೆಯುವ ಆ್ಯಪ್. ಫೋನ್ ಹಿಡಿದು ಬೀದಿ ಬೀದಿ ನಡೆದರೆ ಎರಡು ಸೆಕೆಂಡಿಗೊಂದು ಚುಕ್ಕಿ ನಕ್ಷೆಯ ಮೇಲೆ ತಾನಾಗಿ ಬೀಳುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ಇಲ್ಲದಿದ್ದರೆ ಕೆಂಪು. ಒಂದು ಊರಿಗೆ ಅರ್ಧ ದಿನ ಬೇಕು, ಕಾಲು ಬಿದ್ದುಹೋಗುತ್ತದೆ, ಬ್ಯಾಟರಿಯನ್ನೂ ಕುಡಿದುಬಿಡುತ್ತದೆ. ಆದರೆ ಅದರಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಇನ್ನೊಂದು ಆ್ಯಪ್ ಇದೆ, ಸ್ಕೂಟರಿನ ಸ್ಪೀಡ್ ಮೀಟರಿನ ಥರ ಮುಳ್ಳು ತೋರಿಸುತ್ತದೆ. ನಿಂತ ಜಾಗದಲ್ಲಿ ಎಷ್ಟಿದೆ ಅಷ್ಟೇ ಹೇಳುತ್ತದೆ, ಪಕ್ಕದ ಮನೆಯ ಸುದ್ದಿ ಅದಕ್ಕೆ ಬೇಡ. ಮೈಸೂರಿನಿಂದ ತರಿಸುವ ಅಳತೆ ಪೆಟ್ಟಿಗೆಯೂ ಒಂದಿದೆ, ಗಾಳಿಯಲ್ಲಿ ಏನೇನು ತರಂಗ ಓಡಾಡುತ್ತಿದೆ ಎಂಬುದನ್ನೆಲ್ಲ ಬಿಡಿಸಿ ತೋರಿಸುತ್ತದೆ. ಅದು ಅವನ ಕೈಗೆ ಸಿಗುತ್ತಿದ್ದದ್ದು ಯಾವಾಗಲೋ ಒಮ್ಮೆ.

ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ, ಅವನಿಗೊಂದು ಪಟ್ಟಿ ಬಂತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ನಲವತ್ತೆರಡು ಊರು. ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿಗೆ ಹೊಸ ಟವರ್. ಅಳೆದು ಮುಗಿಸಲು ಹದಿನೈದು ದಿನ. ಸಿಗ್ನಲ್ ತೋರಿಸುವ ಪರದೆಯದು ಊರಿಗೊಂದು ಫೋಟೊ ಸಾಕು ಎಂದು ಗುತ್ತಿಗೆಯವರು ಹೇಳಿದ್ದರು. ಪಟ್ಟಿಯಲ್ಲಿ ಸೀಗೆಹುಂಡಿಯೂ ಇತ್ತು. ಅಕ್ಕನ ಊರಿಗೆ ಟವರ್ ಬರುತ್ತದೆ ಎಂದು ಅವನು ಹಿಗ್ಗಿದ್ದ.

ಪಟ್ಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. "ನಡ್ಕಂಡೇ ಅಳೆದ್ರೆ ದಿನಕ್ಕೆ ಎರಡೂರು ಆಗೋದು ಕಷ್ಟ ಕಣ್ಲಾ. ಯಾವುದ್ರಲ್ಲಿ ಮಾಡ್ಲಿ?" ಎಂದ.

ನಾನು ಯಾವುದೋ ಫೋನಿನ ಡಿಸ್‌ಪ್ಲೇ ಬಿಚ್ಚುತ್ತಿದ್ದೆ. ತಲೆಯೆತ್ತದೆ ಹೇಳಿದೆ. "ಅವ್ರು ಕೇಳಿರೋದು ಒಂದ್ ಫೋಟೊ. ನೀನ್ಯಾಕ್ಲಾ ಊರೆಲ್ಲ ಸುತ್ತಿ ಸಾಯ್ತೀಯ? ಮುಳ್ಳಿಂದು ಹಾಕ್ಕೊಡ್ತೀನಿ, ಊರ್ ಮಧ್ಯ ನಿಂತು ಒಂದ್ ಫೋಟೊ ವಡಿ, ಮುಂದಿನೂರಿಗೆ ಓಗು."

ಅವನ ಫೋನಿನಲ್ಲಿ ಜಾಗ ಇರಲಿಲ್ಲ. ಮುಳ್ಳಿನ ಆ್ಯಪ್ ಹಾಕಲು ಏನಾದರೂ ತೆಗೆಯಬೇಕಿತ್ತು. ನಡೆದು ಅಳೆಯುವ ಆ್ಯಪ್ಪೇ ಎಲ್ಲಕ್ಕಿಂತ ದೊಡ್ಡದಿತ್ತು, ಅದನ್ನು ತೆಗೆದೆ. ಅವನು ಬೇಡ ಎನ್ನಲು ಬಾಯಿ ತೆರೆದಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಇದೇ ನನ್ನ ತಪ್ಪು. ಈ ಕೈಯಿಂದಲೇ ಮಾಡಿದ್ದು.

ಸೀಗೆಹುಂಡಿ ಕಬಿನಿ ಹಿನ್ನೀರಿನ ಹತ್ತಿರದ ಸಣ್ಣ ಊರು. ಊರಿಗೂ ಟವರಿಗೂ ನಡುವೆ ಒಂದು ಗುಡ್ಡ ಅಡ್ಡ. ಊರಿನಲ್ಲಿ ಸಿಗ್ನಲ್ ಬರುತ್ತಿದ್ದದ್ದು ಒಂದೇ ಕಡೆ, ದಿಬ್ಬದ ಮೇಲಿನ ಬಸವಣ್ಣನ ಗುಡಿಯ ಹತ್ತಿರ. ಹಾಗಾಗಿ ಊರಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಗುಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಮನೆಗೊಂದು ಮೊಳೆ. ಬೆಳಿಗ್ಗೆ ಎದ್ದು ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೊಳೆಗೆ ನೇತುಹಾಕುವುದು, ಸಂಜೆ ತೆಗೆದುಕೊಂಡು ಹೋಗಿ ಪಡಸಾಲೆಯಲ್ಲಿ ಚಾರ್ಜಿಗೆ ಹಾಕುವುದು. ಯಾವುದಾದರೂ ಬಡಿದುಕೊಂಡರೆ ಆ ಕಡೆ ಹೋಗುತ್ತಿದ್ದವರು ಮನೆಯವರ ಹೆಸರು ಹಿಡಿದು ಕೂಗುತ್ತಿದ್ದರು. ಶಿವನಂಜಮ್ಮನವರು ಸೋಮವಾರ ಪೂಜೆಗೆ ಬಂದು, ಮೊಳೆಯಿಂದ ತಮ್ಮದೇ ಫೋನ್ ತೆಗೆದು, ಹನ್ನೆರಡು ಗಂಟೆಗೆ ಸರಿಯಾಗಿ ಅಲ್ಲಿಂದಲೇ ತಮ್ಮನಿಗೆ ಕರೆ ಮಾಡುತ್ತಿದ್ದರು. ಊಟ ಆಯ್ತಾ ಎಂದು ಮೊದಲು ಕೇಳುತ್ತಿದ್ದರು.

ಅಕ್ಕನ ಗಂಡ ಕಂಠಪ್ಪನವರು ಊರಿನ ಹಿರಿಯರು. ಮಾನಸ್ಥರು, ಮಾತು ಗಡಸು, ಕೆಟ್ಟವರಲ್ಲ. ಅವರ ಒಬ್ಬನೇ ಮಗ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದ. ಅವನಿಗೆ ಹೆಣ್ಣು ಕೂಡಿಬಂದಿರಲಿಲ್ಲ. ಎರಡು ಕಡೆಯ ಹೆಣ್ಣಿನವರು ಹೊಲ, ಮನೆ, ಹುಡುಗ ಎಲ್ಲವನ್ನೂ ಒಪ್ಪಿದ ಮೇಲೆ, ಮಗಳಿಗೆ ಫೋನ್ ಮಾಡಿದರೆ ಸಿಗುವುದೇ ಇಲ್ಲವಲ್ಲ ಎಂದು ಎದ್ದು ಹೋಗಿದ್ದರು. ಮೂರನೆಯದಾಗಿ ಬಿಳಿಕೆರೆ ಕಡೆಯವರು ಮುಂದಿನ ವಾರ ಬರುವವರಿದ್ದರು.

ಕಾಂತರಾಜ್ ಹೋದ ದಿನ ಗುಡಿಯ ಗೋಡೆಯ ಮೇಲೆ ಒಂದು ಫೋನೂ ಇರಲಿಲ್ಲ. ಅಳೆಯುವವರು ಬರುತ್ತಾರೆ, ಮಾನ ಹೋಗುತ್ತದೆ ಎಂದು ಕಂಠಪ್ಪನವರು ಹಿಂದಿನ ದಿನವೇ ಎಲ್ಲವನ್ನೂ ತೆಗೆಸಿದ್ದರು. ಕಟ್ಟೆ ಗುಡಿಸಿ, ಕುರ್ಚಿ ಹಾಕಿಸಿ, ಎಳನೀರು ತರಿಸಿದ್ದರು. ಊರಿಗೆ ದೊಡ್ಡವರು ಬಂದಾಗ ಒಳ್ಳೆಯ ಜಾಗದಲ್ಲಿ ಕೂರಿಸುವುದು ನಮ್ಮವರ ಪದ್ಧತಿ. ಹಾಗೆ ಕೂರಿಸಿದ ಜಾಗದಲ್ಲೇ ಊರಿನ ಸಿಗ್ನಲ್ಲೆಲ್ಲ ಇತ್ತು.

ಕಾಂತರಾಜ್ ಭಾವನಿಗೆ ಬಿಡಿಸಿ ಹೇಳಿದ. ಇಲ್ಲ ಎಂದು ಬರೆದರೆ ಟವರ್ ಬರುತ್ತದೆ, ಇದೆ ಎಂದು ಬರೆದರೆ ಬರುವುದಿಲ್ಲ. ಕೆಳಗೆ ಬೀದಿಯಲ್ಲಿ ನಿಂತು ಅಳೆಯುತ್ತೇನೆ ಎಂದ. ಕಂಠಪ್ಪನವರ ಲೆಕ್ಕವೇ ಬೇರೆ. ನೆಟ್‌ವರ್ಕ್ ಇಲ್ಲದ ಊರು ಎಂದು ಕಾಗದದಲ್ಲಿ ಬಿದ್ದರೆ ತಾಲ್ಲೂಕಿಗೆಲ್ಲ ಗೊತ್ತಾಗುತ್ತದೆ, ಬಿಳಿಕೆರೆಯವರೂ ಹೆಣ್ಣು ಕೊಡುವುದಿಲ್ಲ ಎಂದು ಅವರು ನಂಬಿದ್ದರು.

"ಟವರ್ ಬರೋ ಹೊತ್ಗೆ ನನ್ ಮಗ ಮುದುಕ ಆಗಿರ್ತಾನೆ. ಏನೂ ಇಲ್ಲದ ಊರು ಅಂತ ಬರೀಬ್ಯಾಡ ಕಣಪ್ಪ. ನಿಮ್ಮಕ್ಕ ಬಾಳೋ ಊರು ಇದು" ಎಂದರು.

ಅಕ್ಕನನ್ನು ಕೊಟ್ಟ ಮನೆಯ ಯಜಮಾನ ಹಾಗೆ ಅಂದರೆ ತಮ್ಮನಾದವನು ಎದುರಾಡುವುದು ಹೇಗೆ? ಕಾಂತರಾಜ್ ಕುರ್ಚಿಯ ಪಕ್ಕದಲ್ಲೇ ನಿಂತು ಫೋಟೊ ಹೊಡೆದ. ಮುಳ್ಳು ಮೈನಸ್ ಎಂಬತ್ತೊಂದು ತೋರಿಸುತ್ತಿತ್ತು. ಆ ಅಂಕಿಯೇನೋ ನಿಜವೇ. ಅದರ ಪಕ್ಕದಲ್ಲಿ ಊರಿನ ಹೆಸರು ಬರೆದನಲ್ಲ, ಅದು ಸುಳ್ಳು. ಅವನ ಹಳೆಯ ಆ್ಯಪ್ ಇದ್ದಿದ್ದರೆ ಭಾವನ ಮಾತು ಕೇಳಬೇಕೆಂದರೂ ಕೇಳಲು ಆಗುತ್ತಿರಲಿಲ್ಲ, ಬೀದಿಯ ಕೆಂಪು ಚುಕ್ಕಿಗಳು ಮುಚ್ಚಿಡಲು ಬರುವಂಥವಲ್ಲ.

ಮನೆಯಲ್ಲಿ ಅಕ್ಕ ಒತ್ತುಶ್ಯಾವಿಗೆ ಒತ್ತಿ ಕಾಯಿಹಾಲು ಮಾಡಿದ್ದರು. ಇವನು ಎರಡು ತುತ್ತು ತಿಂದು ತಟ್ಟೆ ಸರಿಸಿದ. ಅವರಿಗೆ ಅರ್ಥವಾಯಿತು. ಹೊರಡುವಾಗ ಅವನ ಹೆಗಲ ಮೇಲಿನ ಧೂಳು ಒರೆಸುತ್ತಾ, "ನೀ ಮನಸಿಗೆ ಅಚ್ಕೊಬ್ಯಾಡ ಕಣೋ ಕಾಂತ. ನಾನು ಗುಡಿ ತಾವ್ಲೇ ಬಂದು ಮಾತಾಡ್ತೀನಿ, ನಂಗೇನು ಕಷ್ಟ?" ಎಂದರು.

ಒಂದು ತಿಂಗಳಲ್ಲಿ ಟವರಿನ ಪಟ್ಟಿಯಿಂದ ಸೀಗೆಹುಂಡಿ ಬಿದ್ದುಹೋಯಿತು. ಬಿಳಿಕೆರೆಯವರು ಬಂದು, ಗುಡಿಯ ಕಟ್ಟೆಯ ಮೇಲೆ ಕೂತು, ಮನೆಗೆ ಫೋನ್ ಮಾಡಿ ಮಾತಾಡಿ, ಒಪ್ಪಿಕೊಂಡು ಹೋದರು. ಮದುವೆ ಮಾಘಕ್ಕೆ ಎಂದಾಯಿತು. ಒಂದು ಫೋಟೊದಲ್ಲಿ ಮದುವೆ ಮಾಡಿಸಿಬಿಟ್ಟೆಯಲ್ಲೋ ಎಂದು ನಾನು ಕಾಂತರಾಜನ ಬೆನ್ನು ತಟ್ಟಿ ನಕ್ಕಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಾರ್ತಿಕದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಶಿವನಂಜಮ್ಮನವರಿಗೆ ಎದೆ ಹಿಡಿದುಕೊಂಡಿತು. ರಾಗಿ ಕುಯ್ಲಿನ ಕಾಲ, ಊರೆಲ್ಲ ಹೊಲದಲ್ಲಿತ್ತು. ಕಂಠಪ್ಪನವರು ಹೆಂಡತಿಯನ್ನು ಪಡಸಾಲೆಯಲ್ಲಿ ಮಲಗಿಸಿ ದಿಬ್ಬ ಹತ್ತಿ ಓಡಿದರು. ಮೊಳೆಯಿಂದ ತಮ್ಮ ಫೋನ್ ತೆಗೆದು ಆಂಬುಲೆನ್ಸಿಗೆ ಹೇಳಿದರು. ಅಲ್ಲೇ ನಿಂತಿರೋಣ ಎಂದರೆ ಮನೆಯಲ್ಲಿ ಶಿವನಂಜಮ್ಮನವರೊಬ್ಬರೇ. ಫೋನನ್ನು ಜೇಬಿಗೆ ಹಾಕಿಕೊಂಡು ಮನೆಗೆ ವಾಪಸ್ ಓಡಿ, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆಂಬುಲೆನ್ಸ್ ಬೇಗನೇ ಹೊರಟಿತ್ತು. ಊರಿಗೆ ಎರಡು ಮೈಲಿ ಇರುವಾಗ ರಸ್ತೆ ಕವಲಾಗುತ್ತದೆ, ಅಲ್ಲಿ ಬೋರ್ಡಿಲ್ಲ. ಯಾವ ದಾರಿ ಎಂದು ಕೇಳಲು ಡ್ರೈವರ್ ಏಳು ಸಲ ಫೋನ್ ಮಾಡಿದ. ಏಳು ಸಲವೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದೇ ಬಂತು. ಕೇಳಲು ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂದಾಜಿನ ಮೇಲೆ ಎಡಕ್ಕೆ ತಿರುಗಿಸಿ ಹಿನ್ನೀರಿನ ತನಕ ಹೋಗಿ, ತಪ್ಪಿತೆಂದು ತಿಳಿದು, ವಾಪಸ್ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಶಿವನಂಜಮ್ಮನವರು ಹೋಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಇನ್ನೂ ಮೈ ಬೆಚ್ಚಗಿತ್ತು ಎಂದು ಆ ಡ್ರೈವರೇ ಹೇಳಿ ಅತ್ತನಂತೆ.

ಕಾಂತರಾಜ್ ಆ ದಿನ ಕೆ.ಆರ್. ನಗರದ ಹತ್ತಿರ ಯಾವುದೋ ಊರನ್ನು ಅಳೆಯುತ್ತಿದ್ದ. ಸುದ್ದಿ ತಿಳಿದ ಕೂಡಲೇ ಅಲ್ಲಿಂದಲೇ ಸೀಗೆಹುಂಡಿಗೆ ಹೊರಟನಂತೆ. ಮಣ್ಣು ಮಾಡುವಾಗಲೂ ಅಳಲಿಲ್ಲ, ನಾನೇ ನೋಡಿದೆ. ಆಮೇಲೆ ಗುಡಿಯ ಹತ್ತಿರ ಹೋಗಿ ಗೋಡೆಯ ಮೊಳೆಗಳನ್ನು ನೋಡುತ್ತಾ ನಿಂತಿದ್ದ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟ. "ಆ ಆ್ಯಪ್ ವಾಪಸ್ ಹಾಕ್ಕೊಡ್ಲಾ ಮಹೇಂದ್ರ" ಎಂದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಹಾಕಿಕೊಟ್ಟೆ, ಅಂಗಡಿಗೆ ಬಾಗಿಲು ಹಾಕಿ ನನ್ನ ಬೈಕಿನಲ್ಲೇ ಸೀಗೆಹುಂಡಿಗೆ ಕರೆದುಕೊಂಡು ಹೋದೆ.

ಮೊದಲ ವರದಿ ಸುಳ್ಳು ಎಂದು ಬರೆದುಕೊಡುವುದು, ಊರನ್ನು ಸರಿಯಾಗಿ ಅಳೆದು ಟವರ್ ಕೇಳುವುದು ಅವನ ಯೋಚನೆ. ಅಕ್ಕನನ್ನು ಮಲಗಿಸಿದ್ದ ಜಾಗದಿಂದಲೇ ಶುರು ಮಾಡಿದ. ಕಂಠಪ್ಪನವರು ಮೂಲೆಯಲ್ಲಿ ಕೂತಿದ್ದವರು ಎದ್ದು ಹಿಂದೆ ಬಂದರು. ಪಡಸಾಲೆಯಲ್ಲೆಲ್ಲ ಕೆಂಪು. ಜಗಲಿ ಕೆಂಪು. ಬೀದಿ, ದಿಬ್ಬದ ಬುಡದ ತನಕ ಕೆಂಪು. ಇನ್ನೂರ ಹದಿನೆಂಟು ಹೆಜ್ಜೆ ಆದ ಮೇಲೆ ಮೊದಲ ಹಳದಿ ಬಿತ್ತು. ಗುಡಿಯ ಹತ್ತಿರ ಹಸಿರು.

ಅಲ್ಲಿಗೆ ಮುಗಿಸಬಹುದಿತ್ತು. ಕಾಂತರಾಜನದು ಶುರು ಮಾಡಿದರೆ ಪೂರ್ತಿ ಮಾಡುವ ಸ್ವಭಾವ. ವಾಪಸ್ ಬಂದು ಮನೆಯ ಉಳಿದ ಭಾಗವನ್ನೂ ಅಳೆದ. ಕೋಣೆ ಕೆಂಪು, ದೇವರ ಮನೆ ಕೆಂಪು. ಅಡುಗೆಮನೆಯ ಹೊಸ್ತಿಲು ದಾಟಿದ. ಒಲೆಯ ಹತ್ತಿರ ಒಂದು ಹಳದಿ ಚುಕ್ಕಿ ಬಿತ್ತು. ಅವನು ನಿಂತ. ಮತ್ತೆ ಎರಡು ಹೆಜ್ಜೆ ಇಟ್ಟು, ಹಿತ್ತಲ ಕಡೆಯ ಸಣ್ಣ ಕಿಟಕಿಯ ಹತ್ತಿರ ಹೋದ. ಹಸಿರು. ಅಲ್ಲೇ ನಿಂತ. ಹಸಿರು, ಮತ್ತೆ ಹಸಿರು.

ನಾನು ಇಣುಕಿ ನೋಡಿದೆ. ಮೈನಸ್ ಎಂಬತ್ತೆಂಟು ಇತ್ತು. ಆ ಕಿಟಕಿಯಿಂದ ಎರಡು ಗುಡ್ಡಗಳ ನಡುವಿನ ಸಂದು ಕಾಣುತ್ತದೆ, ಸಂದಿನಾಚೆ ಹಿನ್ನೀರು, ಹಿನ್ನೀರಿನ ಆಚೆ ದಡದಲ್ಲಿ ಬೇರೆ ಯಾವುದೋ ಊರಿನ ಟವರ್. ಅದರ ಸಿಗ್ನಲ್ ನೀರಿನ ಮೇಲಿಂದ ನೇರವಾಗಿ ಆ ಕಿಟಕಿಗೆ ಬರುತ್ತಿತ್ತು. ಎಷ್ಟು ವರ್ಷದಿಂದ ಬರುತ್ತಿತ್ತೋ ಏನೋ. ಆ ಮನೆಯ ಫೋನುಗಳು ಹಗಲೆಲ್ಲ ಗುಡಿಯಲ್ಲಿ ನೇತಾಡುತ್ತಿದ್ದವು, ಸಂಜೆ ಪಡಸಾಲೆಯಲ್ಲಿ ಚಾರ್ಜಿಗಿರುತ್ತಿದ್ದವು. ಅಡುಗೆಮನೆಗೆ ಫೋನ್ ಹಿಡಿದುಕೊಂಡು ಯಾರೂ ಹೋಗಿರಲೇ ಇಲ್ಲ.

ಪಡಸಾಲೆಯಿಂದ ಆ ಕಿಟಕಿಗೆ ಹನ್ನೊಂದು ಹೆಜ್ಜೆ. ಆ ಗುರುವಾರ ಫೋನ್ ಇದ್ದದ್ದು ಕಂಠಪ್ಪನವರ ಜೇಬಿನಲ್ಲಿ. ಶಿವರಾತ್ರಿ ಕಳೆದ ಆ ದಿನ ಕಾಂತರಾಜ್ ಹೀಗೆ ನಡೆದು ಅಳೆದಿದ್ದರೆ ಟವರ್ ಬರುತ್ತಿತ್ತೋ ಇಲ್ಲವೋ, ಈ ಕಿಟಕಿಯ ವಿಷಯವಂತೂ ಗೊತ್ತಾಗುತ್ತಿತ್ತು.

ಕಂಠಪ್ಪನವರು ಬಾಗಿಲಲ್ಲಿ ನಿಂತಿದ್ದರು. "ಎಲ್ಲಾದ್ರೂ ಬತ್ತದೇನಪ್ಪ ಕಾಂತ?" ಎಂದರು.

ಇಲ್ಲ ಎಂದುಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಈ ಮುದುಕರು ಇನ್ನುಳಿದ ದಿನಗಳನ್ನು ಹೇಗಾದರೂ ಕಳೆಯಲಿ. ಕಾಂತರಾಜ್ ಪರದೆಯಿಂದ ತಲೆಯೆತ್ತಿ ಭಾವನನ್ನು ನೋಡಿದ. ಅವರ ಸಮಾಧಾನಕ್ಕಾಗಿ ಒಂದು ಸಲ ಬರೆದದ್ದು ಏನು ಮಾಡಿತ್ತೆಂದು ಅವನಿಗೆ ಗೊತ್ತಿತ್ತು.

"ಇಲ್ಲಿ ಬತ್ತದೆ ಭಾವ" ಎಂದ.

ಕಂಠಪ್ಪನವರು ಒಳಗೆ ಬಂದರು. ಜೇಬಿನಿಂದ ತಮ್ಮ ಫೋನ್ ತೆಗೆದು ಕಿಟಕಿಗೆ ಹಿಡಿದು ನೋಡಿದರು. ನೋಡಿ, ಅದನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಅಲ್ಲೇ ಒರಳಿನ ಪಕ್ಕ ಕುಸಿದು ಕೂತರು.

"ಅವ್ಳು ದಿನಾ ಇಲ್ಲೇ ನಿಂತು ಪಾತ್ರೆ ತೊಳೀತಿದ್ಲು ಕಣಪ್ಪ" ಎಂದರು.

ಆಗ ಕಾಂತರಾಜ್ ಅತ್ತ. ಭಾವನ ಮೊಣಕಾಲಿನ ಮೇಲೆ ತಲೆಯಿಟ್ಟು, ಬಸ್ಸಿನ ಹಿಂದೆ ಓಡಿದ ಹುಡುಗ ಹೇಗೆ ಅತ್ತಿದ್ದನೋ ಹಾಗೆ ಅತ್ತ. ಅವರು ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನಾನು ಹಿತ್ತಲಿಗೆ ಹೋಗಿ ನಿಂತೆ, ಅವರ ಹತ್ತಿರ ನಿಲ್ಲುವ ಯೋಗ್ಯತೆ ನನಗಿರಲಿಲ್ಲ.

ಅವನು ಹಸಿರು ಚುಕ್ಕಿಗಳ ಸಮೇತ ಹೊಸ ನಕ್ಷೆ ಕಳಿಸಿದ, ಮೊದಲಿನದು ತಾನು ಬರೆದ ಸುಳ್ಳು ಎಂದು ಸಹಿ ಹಾಕಿದ. ಆ ಗುತ್ತಿಗೆಯವರು ಅವನನ್ನು ಕೆಲಸದಿಂದ ಬಿಡಿಸಿದರು. ಆರು ತಿಂಗಳಾದ ಮೇಲೆ ಇನ್ನೊಬ್ಬರು ಕರೆದರು. ಎಷ್ಟೇ ನಿಧಾನವಾದರೂ ನಡೆದೇ ಅಳೆಯುತ್ತೇನೆ, ಮನೆಯೊಳಗೂ ಅಳೆಯುತ್ತೇನೆ ಎಂದು ಮೊದಲೇ ಹೇಳಿ ಸೇರಿದ. ಟವರ್ ಬರದ ಊರಿನಲ್ಲೂ ಯಾವ ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಮನೆಯವರಿಗೆ ತೋರಿಸಿಯೇ ಅವನು ಹೊರಡುತ್ತಾನೆ. ಮುಳ್ಳಿನ ಆ್ಯಪ್ಪನ್ನು ನಾನು ಈಗ ಯಾರಿಗೂ ಹಾಕಿಕೊಡುವುದಿಲ್ಲ, ಕೇಳಿದವರ ಮೇಲೆ ರೇಗುತ್ತೇನೆ.

ಸೀಗೆಹುಂಡಿಗೆ ಟವರ್ ಇನ್ನೂ ಬಂದಿಲ್ಲ. ಮಗನ ಮದುವೆ ಒಂದು ವರ್ಷ ಮುಂದಕ್ಕೆ ಹೋಗಿ, ಕಳೆದ ಮಾಘದಲ್ಲಿ ಆಯಿತು. ಕಂಠಪ್ಪನವರು ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಆ ಬೀದಿಯವರು ಯಾವ ಹೊತ್ತಿನಲ್ಲಾದರೂ ಬಂದು ಆ ಕಿಟಕಿಯ ಹತ್ತಿರ ನಿಂತು ಮಾತಾಡಬಹುದು, ಕಾಲು ತೊಳೆದು ಬರಬೇಕೆಂಬುದೂ ಇಲ್ಲ. ಕಿಟಕಿಯ ಪಕ್ಕ ಒಂದು ಮೊಳೆ ಹೊಡೆದು ಶಿವನಂಜಮ್ಮನವರ ಫೋನನ್ನು ನೇತುಹಾಕಿದ್ದಾರೆ.

ಸೋಮವಾರ ಹನ್ನೆರಡು ಗಂಟೆಗೆ ಕಾಂತರಾಜ್ ಆ ಫೋನಿಗೆ ಕರೆ ಮಾಡುತ್ತಾನೆ. ಹೋದ ವಾರ ನನ್ನ ಅಂಗಡಿಯಲ್ಲೇ ಕೂತು ಮಾಡಿದ. ಮೊದಲ ರಿಂಗಿಗೇ ಕಂಠಪ್ಪನವರು ಎತ್ತಿದರು. ಊಟ ಆಯ್ತಾ ಭಾವ ಎಂದು ಕೇಳಿದ. ಅವರು ಏನೋ ಅಂದರು. ಆಮೇಲೆ ಇಬ್ಬರಿಗೂ ಮಾತಿರಲಿಲ್ಲ, ಇಬ್ಬರೂ ಇಡಲೂ ಇಲ್ಲ. ಎಷ್ಟೋ ಹೊತ್ತು ಹಾಗೇ ಕಿವಿಗೆ ಹಿಡಿದುಕೊಂಡು ಕೂತಿದ್ದ. ಲೈನು ಒಂದು ಸಲವೂ ಕಟ್ಟಾಗಲಿಲ್ಲ.